ಅವ್ವ ಬರೆದುಕೊಟ್ಟ ಮುಖತ್ಯಾರ ಪತ್ರ

೩ ಫೆಬ್ರುವರಿ ೨೦೨೫, ಸೋಮವಾರ

ಟಪಾಲಿನ ಬ್ಯಾಗ್ ಹನ್ನೊಂದಕ್ಕೆ ಬಂತು. ರಜಿಸ್ಟರ್ ಎರಡು, ಸಾದಾ ಒಂಬತ್ತು, ಬ್ಯಾಂಕಿನ ಕಾರ್ಡು ಒಂದು. ಕಚೇರಿಯ ಡಿವೈಸಿಗೆ ಸಿಗ್ನಲ್ ಇಲ್ಲ. ಟಪಾಲು ಹಂಚುವ ಪಂಡಿತ ಅದನ್ನು ಹಿಡಿದು ಮಾಳಿಗೆ ಹತ್ತಿ ನಿಂತ. ಸನಮಡಿಯ ಟಪಾಲು ಕಚೇರಿ ಮಾಳಿಗೆಯ ಮೇಲೆ ನಡೆಯುತ್ತದೆ ಎಂದು ಮಂದಿ ನಗುತ್ತಾರೆ. ನಗಲಿ.

ರಜಿಸ್ಟರಿನಲ್ಲಿ ಒಂದು ಅವ್ವನ ಹೆಸರಿಗೆ. ಐರ್ಲೆಂಡಿನಿಂದ. ಲಕೋಟೆ ನೋಡಿದ ಕೂಡಲೇ ಕಣ್ಣು ಅಕ್ಕನ ಕೈಬರಹ ಹುಡುಕಿತು... ಟೈಪ್ ಮಾಡಿದ ವಿಳಾಸ. ಅಕ್ಕ ಇದ್ದ ಸ್ಲೈಗೋ ಊರಿನ ವಕೀಲರದು. ಮಗಳೇ ಪೋಸ್ಟ್ ಮಾಸ್ತರಾದರೂ ನಿಯಮ ನಿಯಮವೇ. ಮನೆಗೆ ಹೋಗಿ ಅವ್ವನ ಹೆಬ್ಬಟ್ಟು ಒತ್ತಿಸಿಕೊಂಡೆ.

ಒಳಗೆ ನಾಲ್ಕು ಹಾಳೆ ಇಂಗ್ಲಿಷು. ನಮ್ಮ ಮನೆಯವರು ಮಾಡಗ್ಯಾಳದ ಸಾಲೆಯಲ್ಲಿ ಕಲಿಸಿ ಬಂದ ಮೇಲೆ ಇಬ್ಬರೂ ಕೂತು ಓದಿದೆವು. ಅರ್ಥವಾದದ್ದು ಇಷ್ಟು. ಅಕ್ಕ ಮೃತ್ಯುಪತ್ರ ಬರೆದಿಟ್ಟಿಲ್ಲ. ಮದುವೆಯಿಲ್ಲ, ಮಕ್ಕಳಿಲ್ಲ, ಅಪ್ಪ ಇಲ್ಲ. ಹಾಗಾಗಿ ಅಲ್ಲಿ ಅವಳ ಹೆಸರಿನಲ್ಲಿರುವ ಮನೆ ಅವ್ವನಿಗೆ ಬರುತ್ತದೆ. ಅವ್ವ ಅಲ್ಲಿಗೆ ಹೋಗಲಾರಳು; ಅಲ್ಲಿರುವ ಒಬ್ಬರಿಗೆ ಮುಖತ್ಯಾರ ಪತ್ರ ಬರೆದುಕೊಡಬೇಕು. ಇಲ್ಲಿ ನೋಟರಿ, ಆಮೇಲೆ ಮುಂಬಯಿಯಲ್ಲಿ ನಮ್ಮ ರಾಜ್ಯ ಸರಕಾರದ ಮಂತ್ರಾಲಯದ ಶಿಕ್ಕಾ, ಅಂದರೆ ಮೊಹರು, ಅದರ ಮೇಲೆ ವಿದೇಶ ಖಾತೆಯ ಅಪೊಸ್ಟಿಲ್ ಎಂಬ ದೃಢೀಕರಣ. ಇಷ್ಟೆಲ್ಲ ಆದರೆ ಮಾತ್ರ ಆ ದೇಶದಲ್ಲಿ ನಡೆಯುತ್ತದೆ.

ಮುಖತ್ಯಾರ ಯಾರು ಎನ್ನುವ ಜಾಗ ಖಾಲಿ. ಕೆಳಗೆ ಎರಡು ಹೆಸರು ಸೂಚಿಸಿದ್ದಾರೆ. ಒಂದು ಆ ವಕೀಲರದು. ಇನ್ನೊಂದು, ಅಕ್ಕನ ಜೊತೆ ಆ ಮನೆಯಲ್ಲಿದ್ದ ಲಿಸಿಯದು.

ಉಮಕ್ಕ ತೀರಿಹೋಗಿ ಹದಿನಾಲ್ಕು ತಿಂಗಳಾಯಿತು.

೪ ಫೆಬ್ರುವರಿ, ಮಂಗಳವಾರ

ಅಪೊಸ್ಟಿಲ್ ಎಂದದ್ದಕ್ಕೆ ಪಂಡಿತ, ಅದು ನಮ್ಮ ಪೋಸ್ಟಲ್ ಖಾತೆಯ ಹೊಸ ಸ್ಕೀಮೇನು ಎಂದು ಕೇಳಿದ. ಇಪ್ಪತ್ತು ವರ್ಷದಿಂದ ಟಪಾಲು ಹಂಚುತ್ತಿದ್ದಾನೆ. ಹೊಸ ಸ್ಕೀಮ್ ಎಂದರೆ ಅವನಿಗೆ ಹೆದರಿಕೆ. ನಗು ಬಂತು. ಬಹಳ ದಿನದ ಮೇಲೆ.

ಜತ್ತದಲ್ಲಿ ಬೀಜ-ಗೊಬ್ಬರದ ಅಂಗಡಿ ನಡೆಸುವ ನಮ್ಮಣ್ಣ ರಾಮಲಿಂಗಣ್ಣನಿಗೆ ಫೋನ್. ಗಿರಾಕಿಗಳ ನಡುವೆಯೇ ಮಾತು. ಅಲ್ಲಿಯ ವಕೀಲರ ಹೆಸರೇ ಹಾಕೋಣ, ಅವರೇ ಮಾರಿ ಮುಗಿಸುತ್ತಾರೆ, ದೂರದ ಉಸಾಬರಿ ನಮಗೇಕೆ ಎಂದ. ಲಿಸಿ ಅದೇ ಮನೆಯಲ್ಲಿದ್ದಾಳೆ ಎಂದೆ. ಗಿರಾಕಿಗೆ ಗೊಬ್ಬರ ತೂಗತೊಡಗಿದ. ತಕ್ಕಡಿಯ ಸದ್ದು ಕೇಳಿತು. ಆಮೇಲೆ, ನೋಟರಿ ಅಪ್ಪಾಸಾಹೇಬರ ಹತ್ತಿರ ತಾನೇ ಮಾತಾಡುತ್ತೇನೆ ಎಂದು ಫೋನ್ ಇಟ್ಟ.

೯ ಫೆಬ್ರುವರಿ, ಭಾನುವಾರ. ಸಂಜೆ

ಅವ್ವ ಅಂಗಳದಲ್ಲಿ ಹುರುಳಿ ಹರವಿಕೊಂಡು ಕೂತಿದ್ದಳು. ನಾನು ಅಕ್ಕನ ಕಾಗದಗಳ ಟ್ರಂಕು ಇಳಿಸಿದೆ. ಮನೆಯ ಸರಿಯಾದ ನಂಬರ್ ಬೇಕೆಂದು ನೆಪ. ನಂಬರ್ ಮೇಲಿನ ಲಕೋಟೆಯಲ್ಲೇ ಸಿಕ್ಕಿತು. ಆದರೂ ಹೊತ್ತು ಇಳಿಯುವವರೆಗೆ ಓದಿದೆ.

೨೦೦೨ರ ನೀಲಿ ಹಾಳೆ, ಅಲ್ಲಿಗೆ ಹೋದ ಹೊಸತರಲ್ಲಿ ಬರೆದದ್ದು: "ಇಲ್ಲಿಯೂ ಎಲ್ಲಿ ನೋಡಿದರೂ ಕುರಿ. ಆದರೆ ಮಾಡಗ್ಯಾಳ ಕುರಿಯ ಗಿಳಿಮೂಗು ಇಲ್ಲ, ಸಪ್ಪೆ ಮುಖ. ಮಳೆ ದಿನಾ ಬರುತ್ತದೆ. ಒಂದು ವಾರದ್ದನ್ನು ಊರಿಗೆ ಪಾರ್ಸೆಲ್ ಮಾಡಲು ಆಗುತ್ತದೆಯೇ, ಪೋಸ್ಟ್ ಮಾಸ್ತರರನ್ನು ಕೇಳು."

ಆಗ ಮಾಸ್ತರರು ಬೇರೆಯವರು. ನಾವು ಸಣ್ಣವರಿದ್ದಾಗಿನಿಂದ ಅವರೇ. ಅವರು ಕಟ್ಟೆಯ ಮೇಲೆ ಚೀಲ ಸುರಿದರೆ ಅಕ್ಕ ಸಾಲೆಯ ಪಾಟಿಚೀಲ ನನ್ನ ಹೆಗಲಿಗೆ ಹಾಕಿ ಅಲ್ಲೇ ಕೂರುತ್ತಿದ್ದಳು. ಇಚಲಕರಂಜಿಯ ಮಗ್ಗಕ್ಕೆ, ಮುಂಬಯಿಯ ಗಿರಣಿಗೆ ಹೋದ ಗಂಡಂದಿರ ಕಾಗದ. ಅಲ್ಲಿ ಯಾರೋ ಮರಾಠಿಯಲ್ಲಿ ಬರೆದುಕೊಟ್ಟದ್ದನ್ನು ಇಲ್ಲಿ ಅಕ್ಕ ಕನ್ನಡದಲ್ಲಿ ಓದುತ್ತಿದ್ದಳು, ತಡವರಿಸದೆ, ಕಾಗದವೇ ಕನ್ನಡದಲ್ಲಿದೆ ಎನ್ನುವ ಹಾಗೆ. ಏಳನೆಯ ಇಯತ್ತೆ ಓದುವ ಹುಡುಗಿ. ಕೆಟ್ಟ ಸುದ್ದಿ ಇದ್ದರೆ ಮೊದಲು ತಾನೊಬ್ಬಳೇ ಓದಿಕೊಂಡು, ಆ ಹೆಂಗಸನ್ನು ಕೂರಿಸಿ, ನೀರು ಕೊಟ್ಟು, ಆಮೇಲೆ ಹೇಳುತ್ತಿದ್ದಳು.

ನರ್ಸ್ ಆಗುವ ಮೊದಲೇ ನರ್ಸ್ ಆಗಿದ್ದಳು.

ಇಲ್ಲಿಯ ಪೋಸ್ಟ್ ಮಾಸ್ತರರ (ಬಿ.ಪಿ.ಎಂ.) ಹುದ್ದೆ ಖಾಲಿಯಾದಾಗ ಅರ್ಜಿ ಹಾಕು ಎಂದು ಅಲ್ಲಿಂದ ಬರೆದವಳೂ ಅವಳೇ. "ಆ ಕಟ್ಟೆಯ ಮೇಲೆ ನಾನು ಕೂರಬೇಕೆಂದಿದ್ದೆ. ನೀನು ಕೂತರೂ ನಡೆಯುತ್ತದೆ."

ಅವ್ವ ಒಮ್ಮೆ ಒಳಗೆ ಇಣುಕಿ, ಏನಂತ ಬರದಾಳ ಎಂದು ಕೇಳಿದಳು. ಅಕ್ಕ ಈಗ ತಾನೇ ಬರೆದು ಹಾಕಿದ್ದಾಳೆ ಎನ್ನುವ ಹಾಗೆ. ಕುರಿಯ ಮಾತು ಓದಿ ಹೇಳಿದೆ. ನಕ್ಕಳು.

೧೨ ಫೆಬ್ರುವರಿ, ಬುಧವಾರ

ತೊಡಕು. ಅಕ್ಕನ ಪಾಸ್‌ಪೋರ್ಟಿನಲ್ಲಿ ತಾಯಿಯ ಹೆಸರು ಭಾಗೀರಥಿ. ಅವ್ವನ ಆಧಾರ್ ಕಾರ್ಡಿನಲ್ಲಿ ಭಾಗವ್ವ. ಎರಡೂ ಒಬ್ಬಳೇ ಎಂದು ಪ್ರತಿಜ್ಞಾಪತ್ರ ಮಾಡಿಸಬೇಕು ಎಂದರಂತೆ ಅಪ್ಪಾಸಾಹೇಬರು.

ಭಾಗೀರಥಿ ಎಲ್ಲಿಂದ ಬಂತು ಎಂದು ಅವ್ವನನ್ನು ಕೇಳಿದೆ. ಮಿರಜಿನಿಂದ ಬಂತು ಎಂದಳು. ನಾನು ಹನ್ನೊಂದು ವರ್ಷದವಳು ಆಗ. ಅರ್ಧ ನನಗೂ ನೆನಪಿದೆ. ಅಪ್ಪ ಅಕ್ಕನಿಗೆ ನರ್ಸಿಂಗ್ ಬೇಡವೇ ಬೇಡ ಎಂದಿದ್ದ. ಹುಡುಗಿಯರು ಪರರ ಮೈ ಮುಟ್ಟುವ ಕೆಲಸ ಎಂದು. ಅವ್ವ ಎದುರು ಮಾತಾಡಲಿಲ್ಲ. ತವರು ಬಿಳೂರಿನಲ್ಲಿ ತಮ್ಮನ ಮಗನ ಜವಳ ಇದೆ, ಉಮಿಯನ್ನು ಕರೆದುಕೊಂಡು ಹೋಗಿ ಬರುತ್ತೇನೆ ಎಂದು ಬುತ್ತಿ ಕಟ್ಟಿದಳು. ಎರಡು ದಿನದ ಬುತ್ತಿ. ಅಪ್ಪನೇ ಬಸ್ಸಿಗೆ ಕೂರಿಸಿ ಬಂದ.

ಅವ್ವ ಬಿಳೂರಿನಲ್ಲಿ ಇಳಿಯಲೇ ಇಲ್ಲ. ಜೀವನದಲ್ಲಿ ಮೊದಲ ಸಲ ಮಿರಜ ನೋಡಿದ್ದು. ನರ್ಸಿಂಗ್ ಸಾಲೆಯ ಕ್ಲಾರ್ಕ್ ಹೆಸರು ಕೇಳಿದ, ಭಾಗವ್ವ ಎಂದಳು, ಅದೇನು ಹೆಸರು, ಭಾಗೀರಥಿ ಇರಬೇಕು ಎಂದು ಅವನೇ ಬರೆದುಕೊಂಡ. ಅವ್ವ ಸುಮ್ಮನಿದ್ದಳು. "ಹೆಸರಿಗೆ ಜಗಳ ಆಡಿದರ ಮಗಳನ್ನ ತಗೋಳಾಕಿಲ್ಲೇನೋ ಅಂತ ಅಂಜಿದೆ," ಎಂದಳು ಇವತ್ತು.

ಮೂರನೆಯ ದಿನ ಒಬ್ಬಳೇ ಹಿಂದಿರುಗಿದ್ದಳು. ಅಪ್ಪ ಒಂದು ತಿಂಗಳು ಮಾತಾಡಲಿಲ್ಲ. ಆ ಮೌನ ನನಗೆ ನೆನಪಿದೆ. ಅವ್ವ ಅದರ ನಡುವೆಯೇ ದಿನಾ ರೊಟ್ಟಿ ಬಡಿದು, ತಾಟು ಅವನ ಮುಂದೆ ಇಟ್ಟು, ತನ್ನ ಪಾಡಿಗೆ ಇದ್ದಳು.

೧೮ ಫೆಬ್ರುವರಿ, ಮಂಗಳವಾರ

ಪತ್ರ ಟೈಪ್ ಆಗಿದೆಯಂತೆ. ಅಣ್ಣ ವಾಟ್ಸಾಪಿನಲ್ಲಿ ಕಳಿಸಿದ. ಮುಖತ್ಯಾರ: ವಕೀಲರು. ಅಧಿಕಾರ: ಮನೆಯನ್ನು ಖಾಲಿ ಮಾಡಿಸಿ ಮಾರುವುದು. ಬರುವ ಸೋಮವಾರ ನೋಟರಿ.

ಲಿಸಿಗೆ ಹೇಳಬೇಕೆ? ಅವಳು ಏನೂ ಕೇಳಿಲ್ಲ. ಜನವರಿಯಲ್ಲಿ ಒಂದೇ ಮೆಸೇಜ್, ತನ್ನ ಮಲಯಾಳದಲ್ಲಿ ಮಗಳೇ ಎಂದು ಕರೆದು: "ಮೋಳೆ ಶಾಂತಾ, ನೀವು ಏನು ಮಾಡಿದರೂ ನನಗೆ ಒಪ್ಪಿಗೆ. ಅವಳ ಬಟ್ಟೆಗಳನ್ನು ಮಾತ್ರ ನನಗೆ ಬಿಡಿ."

೨೦೧೬ರ ಜನವರಿಯಲ್ಲಿ ಲಿಸಿ ಅಕ್ಕನ ಜೊತೆ ಬಂದು ಹದಿನೈದು ದಿನ ಇಲ್ಲಿದ್ದಳು. ಕೇರಳದವಳು, ಅಕ್ಕನ ಆಸ್ಪತ್ರೆಯಲ್ಲೇ ನರ್ಸ್. ಬಂದ ದಿನವೇ 'ಬರ್ರಿ, ಕುಂದ್ರಿ' ಕಲಿತಳು. ಕಲಿತದ್ದನ್ನು ಎಲ್ಲರಿಗೂ ಹೇಳಿದಳು — ಅವ್ವನಿಗೆ, ಪಂಡಿತನಿಗೆ, ಅಂಗಳದ ಎಮ್ಮೆಗೆ. ಅವ್ವ ರೊಟ್ಟಿ ಬಡಿಯಲು ಕಲಿಸಿದಳು. ಲಿಸಿಯ ರೊಟ್ಟಿಗೆ ಮೂರು ಮೂಲೆ. ಅಕ್ಕ ಅದನ್ನೇ ಆರಿಸಿ ಉಣ್ಣುತ್ತಿದ್ದಳು. ಹೊಲದಲ್ಲಿ ಹಸಿ ಜೋಳದ ತೆನೆ ಸುಟ್ಟು ಸೀತನಿ ಮಾಡಿದೆವು; ಅಕ್ಕ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಕಾಳನ್ನು ಲಿಸಿಯ ಕೈಗೆ ಹಾಕಿದಳು. ಅಕ್ಕ ಅಷ್ಟು ನಕ್ಕದ್ದನ್ನು ಟಪಾಲು ಕಟ್ಟೆಯ ಕಾಲದ ನಂತರ ನಾನು ನೋಡಿರಲಿಲ್ಲ.

ಗಂಡ ಹೆಂಡತಿ ಹೇಗಿರುತ್ತಾರೋ ಹಾಗಿದ್ದರು. ಬರೆದೆ. ಒಂಬತ್ತು ವರ್ಷದಿಂದ ಇದನ್ನು ಇಲ್ಲಿಯೂ ಬರೆದಿರಲಿಲ್ಲ.

ಇನ್ನೊಂದನ್ನೂ ಬರೆದುಬಿಡುತ್ತೇನೆ. ಮೇ ೨೦೧೯. ನನಗೂ ಅಣ್ಣನಿಗೂ ಸೇರಿ ಅಕ್ಕನ ಒಂದೇ ಕಾಗದ. ಇನ್ನು ಐದಾರು ವರ್ಷಕ್ಕೆ ಇಬ್ಬರೂ ಕೆಲಸ ಬಿಡುತ್ತೇವೆ. ಸನಮಡಿಯ ಹೊಲದಲ್ಲಿ ಎರಡು ಕೋಣೆ ಕಟ್ಟಿಕೊಂಡು ಇರುವ ಆಸೆ. ಊರವರ ಬಿಪಿ, ಸಕ್ಕರೆ ನೋಡುತ್ತೇವೆ. ನಿಮ್ಮ ಒಪ್ಪಿಗೆ ಸಿಕ್ಕರೆ ಅವ್ವನಿಗೆ ನಾನೇ ಹೇಳುತ್ತೇನೆ... ಅಣ್ಣ ಉತ್ತರ ಬರೆದ: ನೀನು ಒಬ್ಬಳೇ ಬರುವುದಾದರೆ ಬಾ, ಅವಳನ್ನು ಕರೆದುಕೊಂಡು ಬರಬೇಡ, ಮಂದಿಗೆ ಏನು ಹೇಳುವುದು. ಬರೆದು ನನಗೆ ತೋರಿಸಿದ. ನಾನು ಬೇಡ ಎನ್ನಲಿಲ್ಲ. ನನ್ನದೇ ಒಂದು ಕಾಗದ ಬೇರೆ ಬರೆಯಬಹುದಿತ್ತು. ಬರೆಯಲಿಲ್ಲ.

ಆ ಲಕೋಟೆ ಹೋದದ್ದು ನನ್ನ ಕಚೇರಿಯಿಂದ. ಮೊಹರು ಹೊಡೆದದ್ದು ನಾನು.

ಅಕ್ಕ ಮತ್ತೆ ಆ ಮಾತು ಎತ್ತಲಿಲ್ಲ. ಅವ್ವನಿಗೆ ಯಾವುದೂ ಗೊತ್ತಿಲ್ಲ.

೨೪ ಫೆಬ್ರುವರಿ, ಸೋಮವಾರ

ಪಂಡಿತನನ್ನು ಸಾಕ್ಷಿಗೆಂದು ಕರೆದುಕೊಂಡು ಹತ್ತರ ಬಸ್ಸಿಗೆ ಜತ್ತ. ಅವ್ವ ಇಳಕಲ್ಲ ಸೀರೆ ಉಟ್ಟಿದ್ದಳು. ಫೋಟೋ ತೆಗೆಯುತ್ತಾರೆ ಎಂದು ಯಾರೋ ಹೇಳಿದ್ದರಂತೆ. ತಹಸೀಲ ಕಚೇರಿಯ ಎದುರಿನ ಓಣಿಯಲ್ಲಿ ಅಪ್ಪಾಸಾಹೇಬರ ಕೋಣೆ. ಅಣ್ಣ ಮೊದಲೇ ಬಂದು ಕೂತಿದ್ದ.

ಅಪ್ಪಾಸಾಹೇಬರು ಒಳ್ಳೆಯವರು. ತಿಳಿಸಿ ಹೇಳದೆ ಹೆಬ್ಬಟ್ಟು ತೆಗೆದುಕೊಳ್ಳುವುದಿಲ್ಲ. ಒಂದೊಂದು ಕಲಮು ಓದಿ ಕನ್ನಡದಲ್ಲಿ ಹೇಳುತ್ತ ಹೋದರು. ಅವ್ವ ತಲೆಯಾಡಿಸುತ್ತಿದ್ದಳು. ಮನೆ ಖಾಲಿ ಮಾಡಿಸಿ ಮಾರುವ ಮಾತು ಬಂದಾಗ ಕೈ ಎತ್ತಿದಳು.

"ನಿಲ್ಲರಿ ಸಾಹೇಬ್ರ. ಮನಿ ಮಾರಿದರ ಲಿಸಿ ಎಲ್ಲಿರತಾಳ?"

ಅಣ್ಣ ಸಮಾಧಾನ ಹೇಳಿದ. ಅವಳೂ ನರ್ಸು, ಪಗಾರ ಇದೆ, ಬೇರೆ ಮನೆ ಹಿಡಿಯುತ್ತಾಳೆ.

"ಇಪ್ಪತ್ತೆರಡ ವರ್ಸ ಇಬ್ಬರೂ ಒಂದ ಒಲಿ ಮ್ಯಾಲ ಬೇಯಿಸಿಕೊಂಡ ಉಂಡಾರ. ಸಾಯೂ ಹೊತ್ತಿನ್ಯಾಗ ಬಾಯಿಗೆ ನೀರ ಬಿಟ್ಟಾಕಿ ಅಕಿ. ನಾವ್ಯಾರೂ ಅಲ್ಲ."

ಅದು ನಿಜ. ಅಕ್ಕನನ್ನು ಮಣ್ಣು ಮಾಡಿದ್ದನ್ನು ನಾವು ಮೊಬೈಲಿನಲ್ಲಿ ನೋಡಿದೆವು. ಲಿಸಿ ಕೊರಳಲ್ಲಿ ಶಿಲುಬೆ ಇರುವವಳು. ನಮ್ಮನೆಯಿಂದ ಒಯ್ದಿದ್ದ ಇಬತ್ತಿಯನ್ನು ಅಕ್ಕನ ಹಣೆಗೆ ಮೂರು ಬೆರಳಿನಿಂದ ಹಚ್ಚಿದ್ದಳು. ಸಿಗ್ನಲ್ ಹೋಗುವ ಮೊದಲು ನಾವು ಕಂಡದ್ದು ಅಷ್ಟೇ.

ಅಪ್ಪಾಸಾಹೇಬರು ಮೆಲ್ಲಗೆ ಹೇಳಿದರು, ಕಾಯದೆ ಪ್ರಕಾರ ಆ ಮನೆ ಈಗ ನಿಮ್ಮದು ಅವ್ವಾರ, ಅವಳು ನಿಮ್ಮ ಸಂಬಂಧಿ ಅಲ್ಲ.  ಆಮೇಲೆ ಅವ್ವ ಹೇಳಿದ ಮಾತು ಅಪ್ಪಾಸಾಹೇಬರಿಗಲ್ಲ, ತನಗೇ ಹೇಳಿಕೊಂಡ ಹಾಗಿತ್ತು.

"ಉಮಿ ಊರಿಗೆ ಬರತೀನಿ ಅಂದಿದ್ದರ ಆ ಮನಿ ಬಿಡು ಅಂತಿದ್ದೆ. ಅಕಿಗೆ ಈ ಊರು ಬ್ಯಾಡಾಗಿತ್ತು. ಒಂದ ದಿನಾನೂ ಬರತೀನಿ ಅನಲಿಲ್ಲ."

ಅಣ್ಣ ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ಸುಮ್ಮನಿದ್ದರೆ ಇದೂ ಆ ಲಕೋಟೆಯ ಹಾಗೆ ಹೋಗಿಬಿಡುತ್ತಿತ್ತು.

"ಅಂದಿದ್ಲು ಯವ್ವಾ," ಎಂದೆ. "ಇಬ್ಬರೂ ಬರತೀವಿ ಅಂದಿದ್ರು. ಹೊಲದಾಗ ಎರಡ ಖೋಲಿ ಕಟ್ಟಿಕೊಂಡ ಇರತೀವಿ ಅಂತ ಬರದಿದ್ಲು. ನಾವ ಬ್ಯಾಡ ಅಂದ್ವಿ."

 ಅವ್ವ ಅಣ್ಣನ ಕಡೆ ತಿರುಗಿ ಹೌದೇನು ಎಂದು ಕೇಳಿದಳು. ಅವನು ನೆಲ ನೋಡಿದ. ಅವ್ವ ಬೈಯಲಿಲ್ಲ. ಅಳಲಿಲ್ಲ. ಸೆರಗಿನ ತುದಿಯನ್ನು ತೊಡೆಯ ಮೇಲೆ ಇಟ್ಟು ತಿಕ್ಕಿ ತಿಕ್ಕಿ ಸರಿಮಾಡಿದಳು.

"ಬರೀರಿ ಸಾಹೇಬ್ರ. ಲಿಸಿ ಹೆಸರ ಹಾಕರಿ. ಮಾರೂದು ಹೊಡದ ಹಾಕರಿ. ಮನಿ ಅಕೀದ ಅಂತ ಬರೀರಿ."

ಇಂಥ ಪತ್ರದಲ್ಲಿ ಹೀಗೆ ಬರೆದರೆ ನಡೆಯುತ್ತದೋ ಇಲ್ಲವೋ ಎಂದರು ಅಪ್ಪಾಸಾಹೇಬರು. ಬರೆದ ಹೊರತು ಹೆಬ್ಬಟ್ಟು ಇಲ್ಲ ಎಂದಳು ಅವ್ವ. ಕೊನೆಗೆ ಅವರು ಕೆಂಪು ಪೆನ್ನಿನಿಂದ ಎರಡು ಸಾಲು ಹೊಡೆದು, ಮೇಲೆ ಕೈಯಿಂದ ಬರೆದರು. ಅವ್ವ ಹೆಬ್ಬಟ್ಟು ಒತ್ತಿದಳು. ಎಡಗೈ. ಮಸಿ ಒರೆಸಲು ಪಂಡಿತ ತನ್ನ ಕರವಸ್ತ್ರ ಕೊಟ್ಟ.

ಅಣ್ಣ ಚಹಾಕ್ಕೂ ನಿಲ್ಲದೆ ಹೋದ.

೨೭ ಫೆಬ್ರುವರಿ, ಗುರುವಾರ

ನಿನ್ನೆ ಶಿವರಾತ್ರಿ. ಅವ್ವ ಉಪವಾಸ. ಮಾತೂ ಇಲ್ಲ.

ಇವತ್ತು ಪತ್ರ, ಪ್ರತಿಜ್ಞಾಪತ್ರ, ಆಧಾರ್ ಕಾರ್ಡು, ಅಕ್ಕನ ಮರಣದ ದಾಖಲೆ ಎಲ್ಲ ಸೇರಿಸಿ ಮುಂಬಯಿಯ ಏಜೆಂಟನಿಗೆ ಸ್ಪೀಡ್ ಪೋಸ್ಟ್. ಮೊಹರು ಹೊಡೆಯುವಾಗ ಕೈ ನಿಂತಿತು. ಆಮೇಲೆ ಹೊಡೆದೆ.

೩ ಮಾರ್ಚ್, ಸೋಮವಾರ

ಅವ್ವ ಮಾತಾಡಿದಳು. ಆ ಕಾಗದ ಓದು ಎಂದ ಮಾತು ಅಷ್ಟೇ. ೨೦೧೯ರದು. ಟ್ರಂಕಿನ ತಳದಲ್ಲಿತ್ತು. ಓದಿದೆ. ಮತ್ತೊಮ್ಮೆ ಎಂದಳು. ಮತ್ತೊಮ್ಮೆ ಓದಿದೆ. ಮೊದಲು ಕೂರಿಸಿ ನೀರು ಕೊಟ್ಟಿರಲಿಲ್ಲ ನಾನು. ಅಕ್ಕನಾಗಿದ್ದರೆ ಕೊಡುತ್ತಿದ್ದಳು.

೨೧ ಮಾರ್ಚ್, ಶುಕ್ರವಾರ

ಬ್ಯಾಗಿನಲ್ಲಿ ನಮ್ಮದೇ ಲಕೋಟೆ ವಾಪಸು ಬಂತು. ಮಂತ್ರಾಲಯದವರು ತೆಗೆದುಕೊಂಡಿಲ್ಲ. ಹೊಡೆದು ಬರೆದಲ್ಲಿ ನೋಟರಿಯ ಸಣ್ಣ ಸಹಿ ಇಲ್ಲ, ಶಿಕ್ಕಾ ಇಲ್ಲ. ಅವತ್ತಿನ ಗದ್ದಲದಲ್ಲಿ ಅಪ್ಪಾಸಾಹೇಬರು ಮರೆತಿದ್ದಾರೆ. ಫೋನ್ ಮಾಡಿದರೆ ನನ್ನದೇ ತಪ್ಪು, ಹೊಸದಾಗಿ ಮಾಡಿಕೊಡುತ್ತೇನೆ ಎಂದು ಪಾಪ ನೊಂದುಕೊಂಡರು.

ಸ್ಲೈಗೋ ವಕೀಲರಿಗೆ ಇಮೇಲ್ ಬರೆದೆವು. ಇವರು ಇಂಗ್ಲಿಷ್ ತಿದ್ದಿದರು. ಅವ್ವನ ಮನಸ್ಸಿನಲ್ಲಿರುವುದು ಇದು, ಇದನ್ನು ಹೇಗೆ ಬರೆಯಬೇಕು ಎಂದು. ನಾಲ್ಕೇ ದಿನದ ಕೆಲಸ ಎಂದುಕೊಂಡದ್ದು ಒಂದೂವರೆ ತಿಂಗಳಾಯಿತು.

ಅಣ್ಣನಿಂದ ಒಂದು ಫೋನೂ ಇಲ್ಲ.

೩೦ ಮಾರ್ಚ್, ಭಾನುವಾರ. ಯುಗಾದಿ

ಅಣ್ಣ ಬಂದ. ಒಬ್ಬನೇ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬಹಳ ಹೊತ್ತು ನಿಂತಿದ್ದ. ಅವ್ವ ಬಾ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಒಳಗೆ ಹೋಗಿ ತಾಟಿಗೆ ಹೋಳಿಗೆ ಹಾಕಿ ತಂದಿಟ್ಟಳು.

ಅವನು ತಿನ್ನಲಿಲ್ಲ. ಹೇಳುತ್ತ ಹೋದ. ಲಿಸಿ ಬಂದು ಹೋದ ಮೇಲೆ ಜತ್ತದ ಅಂಗಡಿಯಲ್ಲಿ ಯಾರೋ ಏನೋ ಅಂದು ನಕ್ಕಿದ್ದರಂತೆ. ಅವನು ತಕ್ಕಡಿ ಹಿಡಿದು ನಿಂತಿದ್ದನಂತೆ, ಏನೂ ಉತ್ತರ ಕೊಡದೆ. ಆ ಅವಮಾನ ಹೊಟ್ಟೆಯಲ್ಲೇ ಉಳಿದಿತ್ತು. ಕಾಗದ ಬಂದಾಗ ಅದೇ ಬರೆಯಿತು. ಅಕ್ಕ ಹೋದ ಮೇಲೆ ದಿನಾ ಅಂಗಡಿ ತೆರೆಯುವಾಗ ಆ ಉತ್ತರದ ಸಾಲು ನೆನಪಾಗುತ್ತದೆ ಎಂದ. ಸಣ್ಣವನಿದ್ದಾಗ ಜ್ವರ ಬಂದರೆ ಅಕ್ಕನ ಮಡಿಲೇ ಬೇಕೆಂದು ಹಟ ಮಾಡುತ್ತಿದ್ದವನು.

ಅವ್ವ ಕೇಳಿಸಿಕೊಂಡಳು. ಎಲ್ಲ ಮುಗಿದ ಮೇಲೆ ಹೇಳಿದ್ದು ಇಷ್ಟು:

"ನೀ ಒಬ್ಬನ ಅಲ್ಲಪಾ. ನಾನೂ ಕೇಳಲಿಲ್ಲ. ಉಂಡೇನು, ಆರಾಮ ಅದೀ ಏನು ಅಂತ ಕೇಳತಿದ್ದೆ. ಮಗಳು ಎಲ್ಲಿ ಮುದುಕಿ ಆಗತಾಳ ಅಂತ ನಾನರೇ ಕೇಳಬೇಕಿತ್ತು."

ಆಮೇಲೆ ಹೋಳಿಗೆಯ ಮೇಲೆ ಇನ್ನಷ್ಟು ತುಪ್ಪ ಹಾಕಿದಳು. ಅವನು ತಿಂದ.

೩ ಏಪ್ರಿಲ್, ಗುರುವಾರ

ಮತ್ತೆ ಜತ್ತ. ವಕೀಲರು ಇಮೇಲಿನಲ್ಲಿ ಕಳಿಸಿದ ಹೊಸ ಪತ್ರ. ಎಲ್ಲ ಟೈಪು, ಎಲ್ಲಿಯೂ ಹೊಡೆದದ್ದಿಲ್ಲ. ಮುಖತ್ಯಾರ ಲಿಸಿ. ಅವ್ವನ ಪರವಾಗಿ ಅಲ್ಲಿಯ ಕೋರ್ಟಿನಲ್ಲಿ ವಾರಸು ಪಡೆಯುವುದು, ಆ ಮನೆಯನ್ನು ಅವ್ವನ ಕೊಡುಗೆಯಾಗಿ ತನ್ನ ಹೆಸರಿಗೆ ಮಾಡಿಕೊಳ್ಳುವುದು, ಸಮಾಧಿಯ ಕೆಲಸ ನೋಡುವುದು.

ಈ ಸಲ ಓದಿ ಹೇಳಿದವನು ಅಣ್ಣ. ಅಪ್ಪಾಸಾಹೇಬರು ಪಕ್ಕದಲ್ಲಿ ಕೂತು, ಎಲ್ಲಾದರೂ ತಪ್ಪಿದರೆ ತಿದ್ದುತ್ತಿದ್ದರು. 'ಕೊಡುಗೆ' ಎಂಬ ಸಾಲನ್ನು ಎರಡು ಸಲ ಓದಿದ. ಅವ್ವ ತಲೆಯಾಡಿಸಿದಳು. ಅವನು ಮುಂದೆ ಓದಿದ.

ಹೆಬ್ಬಟ್ಟು. ಫೋಟೋ. ಪ್ರತಿ ಹಾಳೆಗೂ ಶಿಕ್ಕಾ. ಪಂಡಿತ ಹಾಳೆ ಎಣಿಸಿ ಎಣಿಸಿ ನೋಡಿದ.

ಮುಂಬಯಿಗೆ ಪೋಸ್ಟ್ ಬೇಡ, ತಾನೇ ಒಯ್ಯುತ್ತೇನೆ ಎಂದ ಅಣ್ಣ. ಅಂಗಡಿ? ಮುಚ್ಚಿದರಾಯಿತು ಎಂದ.

೮ ಏಪ್ರಿಲ್, ಮಂಗಳವಾರ

ಮಧ್ಯಾಹ್ನ ಎರಡಕ್ಕೆ ಅಣ್ಣನ ಫೋನ್. ಮಂತ್ರಾಲಯದ ಹೊರಗೆ ನಿಂತಿದ್ದನಂತೆ. ಬೆಳಿಗ್ಗೆಯಿಂದ ಸಾಲು. ಕಿಟಕಿಯಾಚೆಯವನು ಅಪ್ಪಾಸಾಹೇಬರ ಸಹಿಯನ್ನು ತಮ್ಮ ದಾಖಲೆಯ ಸಹಿಯ ಜೊತೆ ಹಿಡಿದು ನೋಡಿ, ಮರಾಠಿಯಲ್ಲಿ, ಈ ಲಿಸಿ ನಿಮಗೆ ಏನಾಗಬೇಕು ಎಂದು ಕೇಳಿದನಂತೆ. ಸುಮ್ಮನೆ ಕುತೂಹಲಕ್ಕೆ.

ನೀ ಏನಂದೆ ಎಂದು ಕೇಳಿದೆ.

"ನಮ್ಮ ಅಕ್ಕನ ಮನಿಯಾಕಿ ಅಂದೆ," ಎಂದ.  ಶಿಕ್ಕಾ ಆಗಿದೆ, ಅಪೊಸ್ಟಿಲ್‌ಗೆ ಕೊಟ್ಟು ಸಂಜೆಯ ರೈಲಿಗೆ ಬರುತ್ತೇನೆ ಎಂದ.

೨೧ ಏಪ್ರಿಲ್, ಸೋಮವಾರ

ಬಂತು. ಪತ್ರದ ಹಿಂದಿನ ಹಾಳೆಯಲ್ಲಿ ಅಪೊಸ್ಟಿಲ್: ಅಂಗೈಯಷ್ಟು ಚೌಕದ ಸ್ಟಿಕರು, ನಂಬರು, ಸಹಿ. ಇಷ್ಟಕ್ಕೇ ಇಷ್ಟು ದಿನ. ಅವ್ವ ಅದರ ಮೇಲೆ ಬೆರಳಾಡಿಸಿ, ಇದೇ ಏನು ಎಂದಳು. ಪಂಡಿತ ತನ್ನ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ, ಹೆಂಡತಿಗೆ ತೋರಿಸಬೇಕಂತೆ.

ನಾಳೆ ಜತ್ತದ ಕಚೇರಿಯಿಂದ ಐರ್ಲೆಂಡಿಗೆ. ಲಕೋಟೆಯ ಮೇಲೆ ವಿಳಾಸ ನಾನೇ ಬರೆದೆ. ಇಪ್ಪತ್ತು ವರ್ಷ ಬರೆದ ವಿಳಾಸ. ಹೆಸರು ಬೇರೆ.

ಒಳಗೆ ನನ್ನದೊಂದು ಕಾಗದವನ್ನೂ ಇಟ್ಟೆ, ಲಿಸಿಗೆ. ಆರು ವರ್ಷದ ಹಿಂದೆ ಬರೆಯಬೇಕಾಗಿದ್ದದ್ದು. ಕ್ಷಮಿಸು ಎಂದು ಬರೆಯಲು ಹೋಗಿ ಬಿಟ್ಟೆ. ಏನಾಯಿತೋ ಅದನ್ನು ಬರೆದೆ.

೪ ಮೇ, ಭಾನುವಾರ. ಬೆಳಿಗ್ಗೆ ೧೧

ಲಿಸಿಯ ವಿಡಿಯೋ ಕಾಲ್. ಮಾಳಿಗೆಯ ಮೇಲೆ ಕೂತಿದ್ದೇವೆ, ಅವ್ವ, ನಾನು, ಜತ್ತದಿಂದ ಬಂದ ಅಣ್ಣ. ಈಗಲೂ ನಡೆಯುತ್ತಿದೆ, ಕಾಲ್ ನಡುವೆಯೇ ಬರೆಯುತ್ತಿದ್ದೇನೆ, ಮರೆತುಹೋದೀತೆಂದು.

ಪತ್ರ ಮುಟ್ಟಿತಂತೆ. ಕೂದಲು ಪೂರ್ತಿ ಬೆಳ್ಳಗಾಗಿದೆ ಅವಳದು. ಮೊದಲು ಇಂಗ್ಲಿಷಿನಲ್ಲಿ ಏನೋ ಹೇಳಲು ಹೋಗಿ ಆಗಲಿಲ್ಲ. ಆಮೇಲೆ "ಅವ್ವಾ, ಕುಂದ್ರಿ" ಎಂದಳು. ಅವ್ವ, ಕುಂತೀನಿ ತಾಯಿ ಎಂದಳು.

ಮನೆಯ ಮಾತು ಎತ್ತಲೇ ಇಲ್ಲ ಲಿಸಿ. ಕೇಳಿದ್ದು ಬೇರೆ. ಸಮಾಧಿಗೆ ಇನ್ನೂ ಕಲ್ಲು ನಿಲ್ಲಿಸಿಲ್ಲ. ವಾರಸುದಾರರ ಒಪ್ಪಿಗೆ ಬೇಕಿತ್ತು, ಈಗ ಸಿಕ್ಕಿದೆ. ಹೆಸರನ್ನು ಕನ್ನಡದಲ್ಲೂ ಕೆತ್ತಿಸಬೇಕಂತೆ. ಅಕ್ಷರ ಬರೆದು ಕಳಿಸು ಎಂದಳು. ಹಾಳೆಯ ಮೇಲೆ ದೊಡ್ಡದಾಗಿ ಉಮಾಶ್ರೀ ಎಂದು ಬರೆದು ಕ್ಯಾಮೆರಾಕ್ಕೆ ಹಿಡಿದೆ. ಲಿಸಿ ಆ ಕಡೆ ಪೆನ್ಸಿಲಿನಿಂದ ಅದನ್ನು ನೋಡಿ ನೋಡಿ ಬರೆದಳು. 'ಶ್ರೀ' ಬರಲಿಲ್ಲ. ಮತ್ತೆ ಬರೆದಳು.

ಆಮೇಲೆ ಹುಟ್ಟಿದ ತಾರೀಖು. ದಾಖಲೆಯಲ್ಲಿ ಜೂನ್ ಒಂದು ಇದೆ, ಅದನ್ನೇ ಹಾಕಿಸಲೇ ಎಂದಳು. ನಾನು ಹೂಂ ಎಂದುಬಿಡುತ್ತಿದ್ದೆ. ನನ್ನದೂ ಜೂನ್ ಒಂದು, ಅಣ್ಣನದೂ ಜೂನ್ ಒಂದು. ಸಾಲೆಗೆ ಹಾಕುವಾಗ ಮಾಸ್ತರರು ಎಲ್ಲ ಮಕ್ಕಳಿಗೂ ಬರೆದುಕೊಂಡ ತಾರೀಖು ಅದು.

"ಜೂನ ಅಲ್ಲ," ಎಂದಳು ಅವ್ವ. "ಅಕಿ ಹುಟ್ಟಿದ್ದು ಸುಗ್ಯಾಗ. ನನಗ ಗೊತ್ತೈತಿ."

ನಮ್ಮಲ್ಲಿ ಯಾರೂ ಇದುವರೆಗೆ ಕೇಳಿರಲಿಲ್ಲ. ಲಿಸಿ ಕನ್ನಡಕ ಹಾಕಿಕೊಂಡು ಹಾಳೆ ತಿರುಗಿಸಿ ಹಿಡಿದಿದ್ದಾಳೆ. ಅವ್ವ ಹೇಳುತ್ತಿದ್ದಾಳೆ, ಅಣ್ಣ ತನಗೆ ಬಂದ ಇಂಗ್ಲಿಷಿನಲ್ಲಿ ಅವಳಿಗೆ ಹೇಳುತ್ತಿದ್ದಾನೆ, ನಾನು ಇಲ್ಲಿ ಬರೆಯುತ್ತಿದ್ದೇನೆ — ಶಿವರಾತ್ರಿ ಆಗಿ ನಾಲ್ಕನೆಯ ದಿನ. ಜೋಳ ಕಿತ್ತು ಹಾಕಿದ್ದರು. ಬಿಳೂರಿನಿಂದ ಅಜ್ಜಿ ಹಿಂದಿನ ದಿನವೇ ಬಂದಿದ್ದಳು. ಅವ್ವ ಸಿವುಡು ಕಟ್ಟುತ್ತಿದ್ದವಳು ಕೈ ಬಿಟ್ಟು ಎದ್ದು ನಿಂತಳಂತೆ, ಬಿಸಿಲು ಇನ್ನೂ ಏರಿರಲಿಲ್ಲವಂತೆ, ಆಗಲೇ ನೋವು ಬಂತಂತೆ, ಅವ್ವ ಇನ್ನೂ ಹೇಳುತ್ತಿದ್ದಾಳೆ...